ಜ್ವರ ಬಂದದ್ದಕ್ಕೂ ದಂಡ ಕಟ್ಟಬೇಕೇನ್ರಿ?

2020ರಿಂದ ಎರಡು ವರ್ಷ ಯಾರಿಗೆ ಫೋನ್ ಹಚ್ಚಿದರೂ ಆ ಕಡೆಯವರ ದನಿಗಿಂತ ಮೊದಲು ಕೇಳುತ್ತಿದ್ದುದು ಸರ್ಕಾರದ ಉಪದೇಶ. ಮಾಸ್ಕ್ ಹಾಕಿಕೊಳ್ಳಿ, ಕೈ ತೊಳೆಯಿರಿ, ಅಂತರ ಕಾಯ್ದುಕೊಳ್ಳಿ. ಜ್ವರ, ಕೆಮ್ಮು ಇದ್ದವರು ಮನೆ ಬಿಟ್ಟು ಹೊರಬರಬೇಡಿ ಎಂದು ಆಶಾ ಕಾರ್ಯಕರ್ತೆಯರು ಹಳ್ಳಿಹಳ್ಳಿ ತಿರುಗಿ ಹೇಳಿದ್ದಾರೆ. ಇದರ ಬಗ್ಗೆ ನಮ್ಮದೇನೂ ತಕರಾರಿಲ್ಲ. ಈ ಮಾತನ್ನು ಚಾಚೂ ತಪ್ಪದೆ ಕೇಳಿದವರಿಂದ ವಿಮಾನ ಕಂಪನಿಗಳು ದಂಡ ವಸೂಲಿ ಮಾಡಿದವು, ಸರ್ಕಾರ ನೋಡಿಕೊಂಡು ಸುಮ್ಮನೆ ಕೂತಿತ್ತು. ತಕರಾರು ಇರುವುದು ಅದಕ್ಕೆ.

ದಂಡ ಎಂದರೆ ಅವರು ಒಪ್ಪುವುದಿಲ್ಲ. ಅವರ ಭಾಷೆಯಲ್ಲಿ ಅದು ಚೇಂಜ್ ಫೀ, ಕ್ಯಾನ್ಸಲೇಶನ್ ಚಾರ್ಜ್, ಫೇರ್ ಡಿಫರೆನ್ಸ್. ಹೆಸರು ಯಾವುದಾದರೂ ಇರಲಿ, ಹಣ ಹೋಗುವುದು ಒಂದೇ ಕಿಸೆಯಿಂದ.

ಖಾನಾಪುರ ತಾಲ್ಲೂಕಿನ, ನಂದಗಡದ ಕಡೆಯ ಒಬ್ಬ ಹುಡುಗಿ ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತಾಳೆ. ನಮಗೆ ಪರಿಚಯದವಳು. 2022ರ ಸಂಕ್ರಾಂತಿಗೆ ಊರಿಗೆ ಬರಲು ರೈಲಿನಲ್ಲಿ ಸೀಟು ಸಿಗಲಿಲ್ಲವೆಂದು ಡಿಸೆಂಬರಿನಲ್ಲೇ ಬೆಳಗಾವಿಯ ಏಜೆಂಟರ ಮೂಲಕ ಸಾಂಬ್ರಾಕ್ಕೆ ವಿಮಾನದ ಟಿಕೆಟ್ ಮಾಡಿಸಿದ್ದಳು. ತೆರಿಗೆ ಎಲ್ಲಾ ಸೇರಿ 3,200 ರೂಪಾಯಿ. ಹೊರಡುವ ಎರಡು ದಿನ ಮೊದಲು ಮೈ ಬೆಚ್ಚಗಾಯಿತು, ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಏಜೆಂಟರಿಗೆ ಫೋನ್ ಮಾಡಿದಳು. ದಿನಾಂಕ ಬದಲಿಸಿದರೆ ಬದಲಾವಣೆಯ ಶುಲ್ಕ, ಅದರ ಮೇಲೆ ದರದ ವ್ಯತ್ಯಾಸ, ಎರಡೂ ಸೇರಿ ಹೊಸ ಟಿಕೆಟಿಗಿಂತ ಹೆಚ್ಚಾಗುತ್ತದೆ ಎಂದರು ಅವರು. ರದ್ದು ಮಾಡಿದಳು. ಕೈಗೆ ಬಂದದ್ದು 600 ರೂಪಾಯಿ. ಕಂಪನಿಯ ಹೆಸರು ಇಲ್ಲಿ ಬೇಡ; ಆ ಜಾಗದಲ್ಲಿ ಬೇರೆ ಹೆಸರು ಬರೆದರೂ ಕಥೆ ಇಷ್ಟೇ.

ಹೋದದ್ದು 2,600. ಅವಳ ಅವ್ವ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತಾರೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಆ ಕೂಲಿ ದಿನಕ್ಕೆ 289 ರೂಪಾಯಿ ಇತ್ತು. ಅಂದರೆ ಒಂಬತ್ತು ದಿನ ಬಿಸಿಲಲ್ಲಿ ಬದು ಹಾಕಿದ ಕೂಲಿ. ಆ ತಾಯಿ ನಮ್ಮನ್ನು ಕೇಳಿದ್ದು ಒಂದೇ ಮಾತು: "ಜ್ವರ ಬಂದದ್ದಕ್ಕೂ ದಂಡ ಕಟ್ಟಬೇಕೇನ್ರಿ?"

ಇನ್ನೊಂದು ಮಾತನ್ನೂ ಹೇಳಲೇಬೇಕು. ಜೊತೆಗಿದ್ದವರು ಆ ಹುಡುಗಿಗೆ ಕೊಟ್ಟ ಸಲಹೆ, "ಒಂದು ಡೋಲೋ ನುಂಗಿ ಹೋಗಿಬಿಡು, ಯಾರಿಗೆ ಗೊತ್ತಾಗ್ತದ?" ಅವಳು ಹೋಗಲಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅವಳಿಗೆ ಗೊತ್ತು. ಆದರೆ ಆ ತಿಂಗಳು ಹೀಗೆ ಮಾತ್ರೆ ನುಂಗಿ, ಥರ್ಮಲ್ ಗನ್ನಿನ ಮುಂದೆ ಹಣೆ ಒಡ್ಡಿ, ಪಕ್ಕದ ಸೀಟಿನ ಅಜ್ಜನ ಜೊತೆ ಒಂದು ತಾಸು ಒಂದೇ ಗಾಳಿ ಉಸಿರಾಡಿ ಬಂದವರು ಎಷ್ಟು ಮಂದಿ? ಅವರನ್ನು ಬೈಯುವುದು ಸುಲಭ. ಹೋದರೆ ಏನೂ ಖರ್ಚಿಲ್ಲ, ಉಳಿದರೆ ಒಂಬತ್ತು ದಿನದ ಕೂಲಿ ಖೋತಾ ಎಂಬ ಲೆಕ್ಕವನ್ನು ಅವರ ಮುಂದೆ ಇಟ್ಟವರು ಯಾರು ಎಂದು ನಾವು ಕೇಳುತ್ತೇವೆ.

ವಿಮಾನದ ಮಾತು ಹಳ್ಳಿ ಸುದ್ದಿ ಬರೆಯುವ ನಿಮಗ್ಯಾಕೆ ಎನ್ನುವವರು ಸಾಂಬ್ರಾಕ್ಕೆ ಒಮ್ಮೆ ಹೋಗಿ ನಿಂತು ನೋಡಲಿ. ರಜೆ ಮುಗಿಸಿ ಹೊರಟ ಸೈನಿಕರು, ನರ್ಸುಗಳು, ದೊಡ್ಡ ಆಸ್ಪತ್ರೆಗೆಂದು ಅಪ್ಪನನ್ನು ಕರೆದೊಯ್ಯುವ ಮಕ್ಕಳು, ಮೊದಲ ಸಂಬಳದಲ್ಲಿ ಅವ್ವನಿಗೆ ವಿಮಾನ ತೋರಿಸುವ ಹುಡುಗರು. 2018ರಲ್ಲಿ ವಿಮಾನಗಳು ಒಂದೊಂದಾಗಿ ಹುಬ್ಬಳ್ಳಿಗೆ ಹೋದಾಗ ಬೆಳಗಾವಿ ಸುಮ್ಮನಿರಲಿಲ್ಲ, ಜಗಳವಾಡಿ ಉಡಾನ್ ಯೋಜನೆಯ ಮೂರನೇ ಸುತ್ತಿನಲ್ಲಿ ಜಾಗ ಪಡೆಯಿತು. ಆ ಯೋಜನೆಯ ಹೆಸರೇ ಸಾಮಾನ್ಯ ನಾಗರಿಕನೂ ಹಾರಲಿ ಎಂದು. ಹಾರಿದ ಸಾಮಾನ್ಯ ನಾಗರಿಕನಿಗೆ ಜ್ವರವೂ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

"ಈಗ ಚೇಂಜ್ ಫೀ ಮನ್ನಾ ಮಾಡಿದ್ದಾರಲ್ಲ" ಎಂದರು ಕೆಲವರು. ಹೌದು, 2022ರ ಜನವರಿ 9ರಂದು ಇಂಡಿಗೋ ಪ್ರಕಟಣೆ ಹೊರಡಿಸಿತು: ಜನವರಿ 31ರ ಒಳಗೆ ಮಾಡಿಸಿದ, ಮಾರ್ಚ್ 31ರ ಒಳಗಿನ ಪ್ರಯಾಣದ ಟಿಕೆಟುಗಳಿಗೆ ಬದಲಾವಣೆ ಶುಲ್ಕ ಇಲ್ಲ. ಏರ್ ಇಂಡಿಯಾ ಕೂಡ ದೇಶದೊಳಗಿನ ಟಿಕೆಟಿಗೆ ಒಂದು ಸಲ ಉಚಿತ ಬದಲಾವಣೆ ಎಂದಿತು. ಒಳ್ಳೆಯದೇ. ಆದರೆ ಇದು ಹಕ್ಕಲ್ಲ, ಆಫರ್. ಸೀರೆ ಅಂಗಡಿಯ ಆಷಾಢದ ರಿಯಾಯಿತಿಯ ಹಾಗೆ ಅವರು ಬೇಕೆಂದಾಗ ಬಾಗಿಲು ತೆರೆದು, ಬೇಡವೆಂದಾಗ ಮುಚ್ಚುತ್ತಾರೆ. ಬುಕಿಂಗ್ ಕುಸಿದಾಗ ಜನ ಧೈರ್ಯವಾಗಿ ಟಿಕೆಟ್ ಕೊಳ್ಳಲಿ ಎಂದು ಮಾಡಿದ ವ್ಯವಸ್ಥೆ ಅದು. ಮಾರ್ಚ್ 2020ರಲ್ಲೂ ಹೀಗೇ ಆಗಿತ್ತು. ರೋಗಕ್ಕೆ ಅವರ ಕ್ಯಾಲೆಂಡರ್ ಗೊತ್ತಿಲ್ಲ.

ಮನ್ನಾ ಆದದ್ದು ಶುಲ್ಕ, ದರದ ವ್ಯತ್ಯಾಸವಲ್ಲ. ಇಲ್ಲಿ ಒಂದು ವಿಚಿತ್ರವಿದೆ, ಸ್ವಲ್ಪ ನಿಧಾನವಾಗಿ ನೋಡೋಣ. 2020ರ ಮೇ 25ರಂದು ವಿಮಾನಗಳು ಮತ್ತೆ ಹಾರಿದಾಗ ಕೇಂದ್ರ ಸರ್ಕಾರ ಟಿಕೆಟಿಗೆ ಗರಿಷ್ಠ ದರ ಗೊತ್ತು ಮಾಡಿತು. ಜೊತೆಗೆ ಕನಿಷ್ಠ ದರವನ್ನೂ ಗೊತ್ತು ಮಾಡಿತು. ಅದಕ್ಕಿಂತ ಅಗ್ಗವಾಗಿ ಮಾರಬಾರದು, ಬಲಹೀನ ಕಂಪನಿಗಳು ಮುಳುಗಬಾರದು ಎಂದು. 2021ರ ಆಗಸ್ಟಿನಿಂದ 40ರಿಂದ 60 ನಿಮಿಷದ ಹಾರಾಟಕ್ಕೆ ಈ ಕನಿಷ್ಠ ದರ ತೆರಿಗೆ ಬಿಟ್ಟು 3,700 ರೂಪಾಯಿ ಇತ್ತು. ದಾರಿ ಉದ್ದವಾದಷ್ಟೂ ಇನ್ನೂ ಹೆಚ್ಚಾಗಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇದನ್ನು ತಿದ್ದಿದರು: ಮಿತಿ ಅನ್ವಯಿಸುತ್ತಿದ್ದುದು ಟಿಕೆಟ್ ಕೊಳ್ಳುವ ದಿನದಿಂದ 15 ದಿನದೊಳಗಿನ ಪ್ರಯಾಣಕ್ಕೆ ಮಾತ್ರ, 16ನೇ ದಿನದಿಂದ ಕಂಪನಿಯ ಇಷ್ಟ. ಈಗ ಲೆಕ್ಕ ಹಾಕಿ. ನಮ್ಮ ಹುಡುಗಿ ತಿಂಗಳ ಮೊದಲೇ ಅಗ್ಗದ ಟಿಕೆಟ್ ಕೊಂಡಳು. ಪಾಸಿಟಿವ್ ಆದಳು. ಆರೋಗ್ಯ ಇಲಾಖೆಯ ಆಗಿನ ನಿಯಮದಂತೆ ಏಳು ದಿನ ಮನೆಯಲ್ಲೇ ಪ್ರತ್ಯೇಕವಾಗಿರಬೇಕಿತ್ತು. ಎಂಟನೇ ದಿನ ಹೊರಡುತ್ತೇನೆಂದು ದಿನಾಂಕ ಬದಲಿಸಿದರೆ ಅದು ಬೀಳುತ್ತಿದ್ದುದು ಸರಿಯಾಗಿ ಆ 15 ದಿನದೊಳಗೆ, ಕನಿಷ್ಠ ದರದ ಬಲೆಗೆ! ಶುಲ್ಕ ಮನ್ನಾ ಇದ್ದರೂ ಒಂದು ಸಾವಿರಕ್ಕೂ ಹೆಚ್ಚು ತೆರಬೇಕಿತ್ತು. ಏಳು ದಿನ ಮನೆಯಲ್ಲಿರು ಎಂದದ್ದು ಒಂದು ಸಚಿವಾಲಯ, ಹಾಗಿದ್ದವಳು ಹೆಚ್ಚು ತೆರಲಿ ಎಂದದ್ದು ಇನ್ನೊಂದು ಸಚಿವಾಲಯ. ಎರಡೂ ದಿಲ್ಲಿಯಲ್ಲೇ ಇವೆ, ಒಂದಕ್ಕೊಂದು ಬಹಳ ದೂರವೂ ಇಲ್ಲ.

2020ರ ನೆನಪು ಕೆದಕುವುದು ಅಗತ್ಯ. ಆ ವರ್ಷ ಮಾರ್ಚ್ 25ರಿಂದ ದೇಶದೊಳಗಿನ ವಿಮಾನಗಳು ನಿಂತವು. ಪ್ರಯಾಣಿಕರು ರದ್ದು ಮಾಡಿದ್ದಲ್ಲ, ಸರ್ಕಾರವೇ ನಿಲ್ಲಿಸಿದ್ದು. ಹಣ ಕೇಳಿದವರಿಗೆ ಕಂಪನಿಗಳು ಕೊಟ್ಟದ್ದು ಕ್ರೆಡಿಟ್ ಶೆಲ್: ನಿಮ್ಮ ದುಡ್ಡು ನಮ್ಮಲ್ಲೇ ಇರಲಿ, ಮುಂದೆ ಎಂದಾದರೂ ನಮ್ಮಲ್ಲೇ ಹಾರಿರಿ. ವಿಮಾನಯಾನ ನಿರ್ದೇಶನಾಲಯದ ಸ್ವಂತ ನಿಯಮದಲ್ಲೇ, ಹಣವನ್ನು ಹೀಗೆ ಕಂಪನಿಯಲ್ಲಿ ಇಡುವುದು ಬಿಡುವುದು ಪ್ರಯಾಣಿಕರ ಇಷ್ಟ, ಕಂಪನಿ ತಾನಾಗಿ ಮಾಡುವಂತಿಲ್ಲ ಎಂದಿದೆ. ಯಾರು ಕೇಳುತ್ತಾರೆ? ಏಪ್ರಿಲ್ 16ರಂದು ಸಚಿವಾಲಯ ಸೂಚನೆ ಹೊರಡಿಸಿ, ಲಾಕ್‌ಡೌನ್ ಶುರುವಾದ ಮೇಲೆ ಟಿಕೆಟ್ ಕೊಂಡವರಿಗೆ ಪೂರ್ತಿ ಹಣ ಕೊಡಿ ಎಂದಿತು. ಹಾಗಾದರೆ ಲಾಕ್‌ಡೌನಿಗೆ ಮೊದಲೇ, ಏಪ್ರಿಲ್ ಮೇ ತಿಂಗಳ ಮದುವೆ ಜಾತ್ರೆಗಳಿಗೆಂದು ಟಿಕೆಟ್ ಮಾಡಿಸಿದ್ದವರು? ಅವರೇ ಹೆಚ್ಚಿನವರು, ಅವರನ್ನೇ ಹೊರಗಿಟ್ಟರು. ಪ್ರವಾಸಿ ಲೀಗಲ್ ಸೆಲ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಅಶೋಕ್ ಭೂಷಣ್ ಅವರ ಪೀಠ 2020ರ ಅಕ್ಟೋಬರ್ 1ರಂದು ಆದೇಶ ಕೊಟ್ಟಿತು: ಮೇ 24ರವರೆಗಿನ ಪ್ರಯಾಣದ ಟಿಕೆಟುಗಳಿಗೆ 15 ದಿನದಲ್ಲಿ ಹಣ ಕೊಡಬೇಕು. ಕೊಡಲಾಗದಷ್ಟು ಸಂಕಟದಲ್ಲಿರುವ ಕಂಪನಿ 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಶೆಲ್ ಇಡಬಹುದು. ಅದಕ್ಕೆ ಜೂನ್ ತನಕ ತಿಂಗಳಿಗೆ ಶೇ 0.5, ಆಮೇಲೆ ಶೇ 0.75 ಸೇರಿಸಬೇಕು, ಬಳಸದೆ ಉಳಿದರೆ ನಗದು ಕೊಡಬೇಕು.

ಒಳ್ಳೆಯ ಆದೇಶ. ಆದರೆ ನಮ್ಮದೇ ದುಡ್ಡು ನಮಗೆ ಬರಲು ಆರು ತಿಂಗಳು ಮತ್ತು ದೇಶದ ಅತ್ಯುನ್ನತ ನ್ಯಾಯಾಲಯ ಬೇಕಾಯಿತು. ಅದೂ ನಿಂತುಹೋದ ವಿಮಾನಗಳ ಮಾತು. ಮೇ 24ರ ನಂತರ ಕೊಂಡ ಟಿಕೆಟುಗಳಿಗೆ ಹಳೆಯ ನಿಯಮವೇ ಗತಿ.

ಆ ಹಳೆಯ ನಿಯಮದ ರುಚಿ ನೋಡಿ. ಬೇಸಿಕ್ ಫೇರ್ ಮತ್ತು ಇಂಧನದ ಸರ್ಚಾರ್ಜ್ ಎರಡೂ ಸೇರಿದ ಮೊತ್ತಕ್ಕಿಂತ ಹೆಚ್ಚು ರದ್ದತಿ ಶುಲ್ಕ ವಸೂಲಿ ಮಾಡಕೂಡದು ಎನ್ನುತ್ತದೆ ಅದು. ಓದಲು ಮಿತಿ ಹಾಕಿದ ಹಾಗಿದೆ. ಬೇಸಿಕ್ ಫೇರ್ ಮತ್ತು ಸರ್ಚಾರ್ಜ್ ಬಿಟ್ಟರೆ ಟಿಕೆಟಿನಲ್ಲಿ ಕಂಪನಿಯದು ಎಂಬುದು ಇನ್ನೇನು ಉಳಿಯಿತು? ಉಳಿದದ್ದು ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ, ಅದು ಹೇಗೂ ಅವರದಲ್ಲ. ಹೊಲವೆಲ್ಲ ಮೇಯಬಹುದು, ಬೇಲಿ ಮಾತ್ರ ತಿನ್ನಬಾರದು ಎಂದು ದನಕ್ಕೆ ಹೇಳಿದ ಹಾಗಾಯಿತು.

ಬೇರೆ ದಾರಿ ಇಲ್ಲವೇ? ನಮ್ಮ ಖಾನಾಪುರ ಸ್ಟೇಷನ್ನಿನ ಮೇಲೆ ದಿನಾ ಹೋಗುವ ರೈಲುಗಳೇ ದಾರಿ ತೋರಿಸಿವೆ. 2020ರ ಮೇ ತಿಂಗಳಲ್ಲಿ ರೈಲ್ವೆ ಮಂಡಳಿ ಒಂದು ನಿಯಮ ಮಾಡಿತು: ನಿಲ್ದಾಣದ ತಪಾಸಣೆಯಲ್ಲಿ ಜ್ವರ ಅಥವಾ ಕೋವಿಡ್ ಲಕ್ಷಣ ಕಂಡು ಪ್ರಯಾಣಿಕರನ್ನು ತಡೆದರೆ ಟಿಕೆಟಿನ ಪೂರ್ತಿ ಹಣ ವಾಪಸ್. ತಡೆದವರೇ ಹಣ ಕೊಡಬೇಕು ಎಂಬ ಸಾದಾ ನ್ಯಾಯ. ಆಗ ರೈಲ್ವೆ ರಾಜ್ಯ ಸಚಿವರಾಗಿದ್ದವರು ಬೆಳಗಾವಿಯವರೇ, ಸುರೇಶ ಅಂಗಡಿ. ಅದೇ ವರ್ಷ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದ ದಿಲ್ಲಿಯ ಏಮ್ಸ್‌ನಲ್ಲಿ ತೀರಿಕೊಂಡರು, ದಿಲ್ಲಿಯ ಮಣ್ಣಲ್ಲೇ ಅವರನ್ನು ಮಣ್ಣು ಮಾಡಿದರು. ಈ ರೋಗ ಎಂಥದ್ದು ಎಂಬುದನ್ನು ಬೆಳಗಾವಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಅದು ಬರುವ ದಾರಿಯೂ ಗುಟ್ಟಲ್ಲ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿದ ಹಾಗೆ ಕೊರೋನಾ ನಮ್ಮ ಕಾಡಿನಲ್ಲಿ ಹುಟ್ಟಿದ್ದಲ್ಲ, ವಿಮಾನ ಹತ್ತಿ ಬಂದದ್ದು. ದೇಶದಲ್ಲಿ ಓಮಿಕ್ರಾನ್ ಮೊದಲು ಪತ್ತೆಯಾದದ್ದೂ 2021ರ ಡಿಸೆಂಬರ್ 2ರಂದು, ನಮ್ಮ ಬೆಂಗಳೂರಿನಲ್ಲೇ. ಹಾಗಿರುವಾಗ ಜ್ವರ ಬಂದವರು ವಿಮಾನ ಹತ್ತದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಔಷಧ.

ಹಣ ಕೊಡುತ್ತೇವೆಂದರೆ ಜನ ಸುಳ್ಳು ಸರ್ಟಿಫಿಕೇಟ್ ತರುತ್ತಾರೆ ಎಂಬ ವಾದವನ್ನು ನಾವು ಬಹಳ ಸಲ ಕೇಳಿದ್ದೇವೆ. ಕೇಳಿದಾಗಲೆಲ್ಲ ಕೊಗನೊಳ್ಳಿ ಚೆಕ್‌ಪೋಸ್ಟ್ ನೆನಪಾಗುತ್ತದೆ. 2022ರ ಜನವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕಿತ್ತು. ರಸ್ತೆಯಲ್ಲಿ ಬಂದರೂ ಸರಿ, ಮುಂಬೈಯಿಂದ ವಿಮಾನದಲ್ಲಿ ಬಂದರೂ ಸರಿ. ಆ ಕಾಗದ ಇಲ್ಲದಿದ್ದರೆ ಕಂಪನಿಯವರು ವಿಮಾನ ಹತ್ತಿಸುತ್ತಿರಲಿಲ್ಲ. ಅದೇ ಲ್ಯಾಬ್, ಅದೇ ಎಸ್‌ಆರ್‌ಎಫ್ ಐಡಿ, ಅದೇ ಐಸಿಎಂಆರ್ ಪೋರ್ಟಲ್. ನೆಗೆಟಿವ್ ಎಂದು ಬರೆದಿದ್ದರೆ ಅದು ದಾಖಲೆ, ಪಾಸಿಟಿವ್ ಎಂದು ಬರೆದಿದ್ದರೆ ಅನುಮಾನ! ನಮ್ಮನ್ನು ತಡೆಯಲು ನಂಬಿದ ಕಾಗದವನ್ನು ನಮ್ಮ ಹಣ ಕೊಡಲು ಯಾಕೆ ನಂಬಬಾರದು?

ಕಂಪನಿಗಳು ಆಗ ನಷ್ಟದಲ್ಲಿದ್ದವು, ಅದು ಸುಳ್ಳಲ್ಲ. ಖಾಲಿ ಹಾರಿದ ಸೀಟನ್ನು ನಾಳೆ ಮಾರಲು ಬರುವುದಿಲ್ಲ ಎಂಬುದೂ ನಿಜ. ಆದರೆ ಅವರ ನಷ್ಟಕ್ಕೆ ಸರ್ಕಾರ ಕಣ್ಣು ತೆರೆದಿತ್ತು. ಕನಿಷ್ಠ ದರ ಕಟ್ಟಿಕೊಟ್ಟಿತ್ತು. ಉಡಾನ್ ಮಾರ್ಗಗಳ ಸೀಟಿಗೆ ಸಹಾಯಧನ ಹೋಗುತ್ತದೆ, ಅದರಲ್ಲಿ ಶೇ 20 ನಮ್ಮ ರಾಜ್ಯದ ಪಾಲು. ಕಂಪನಿ ಉಳಿಯಲೆಂದು ಟಿಕೆಟಿನ ದರಕ್ಕೆ ಕೈ ಹಾಕಲು ಸಾಧ್ಯವಾದ ಸರ್ಕಾರಕ್ಕೆ, ರೋಗ ಹರಡದಿರಲೆಂದು ಟಿಕೆಟಿನ ಷರತ್ತಿಗೆ ಕೈ ಹಾಕಲು ಆಗದೇ?

ನಾವು ಕೇಳಿದ್ದು ದೊಡ್ಡದಲ್ಲ. ಸಾಂಕ್ರಾಮಿಕ ಜಾರಿಯಲ್ಲಿದ್ದಷ್ಟು ಕಾಲ, ಪಾಸಿಟಿವ್ ವರದಿ ಅಥವಾ ಪ್ರತ್ಯೇಕವಾಗಿರಲು ಆರೋಗ್ಯ ಇಲಾಖೆ ಕೊಟ್ಟ ಸೂಚನೆ ತೋರಿಸಿದವರಿಗೆ ಪೂರ್ತಿ ಹಣ, ಇಲ್ಲವೇ ದರದ ವ್ಯತ್ಯಾಸವಿಲ್ಲದೆ ಬೇರೆ ದಿನದ ಸೀಟು. ಎರಡರಲ್ಲಿ ಯಾವುದು ಎಂಬುದು ಪ್ರಯಾಣಿಕರ ಆಯ್ಕೆ. ಜೊತೆಗೆ ಹೊರಟಿದ್ದ ಮನೆಯವರಿಗೂ ಇದೇ ಅನ್ವಯ; ಒಂದೇ ಮನೆಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದು ಉಳಿದವರು ಹೊರಟರೆ ಏನು ಉಪಯೋಗ? ಏಜೆಂಟರ ಮೂಲಕ ಕೊಂಡ ಟಿಕೆಟಿಗೂ ಅಷ್ಟೇ ಬೇಗ ಹಣ ಬರಬೇಕು. ಖಾನಾಪುರದ ಕಾಡಂಚಿನ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಹುಡುಕಿ ಗುಡ್ಡ ಹತ್ತುವವರು ಆ್ಯಪ್‌ನಲ್ಲಿ ಟಿಕೆಟ್ ಮಾಡಿಸುವುದಿಲ್ಲ, ಬೆಳಗಾವಿಯ ಪರಿಚಯದ ಅಂಗಡಿಗೆ ಹೋಗುತ್ತಾರೆ. ಏಜೆಂಟ್ ಕಂಪನಿಯ ಪ್ರತಿನಿಧಿ, ಹಣ ಮರಳಿಸುವ ಹೊಣೆ ಕಂಪನಿಯದೇ ಎಂದು ನಿಯಮದಲ್ಲೇ ಇದೆ. ಆದರೂ ಅಂಗಡಿಯವರು ಕಂಪನಿ ಕಡೆ, ಕಂಪನಿಯವರು ಅಂಗಡಿ ಕಡೆ ಬೊಟ್ಟು ಮಾಡುವುದು ನಿಂತಿಲ್ಲ.

2022ರಲ್ಲಿ ವಿಮಾನಯಾನ ಸಚಿವರಾಗಿದ್ದ ಜ್ಯೋತಿರಾದಿತ್ಯ ಸಿಂಧಿಯಾ ಇದಕ್ಕೆ ಹೊಸ ಕಾನೂನು ತರಬೇಕಿರಲಿಲ್ಲ, ನಿರ್ದೇಶನಾಲಯದ ನಿಯಮಕ್ಕೆ ಒಂದು ಕಲಂ ಸೇರಿಸಿದ್ದರೆ ಸಾಕಿತ್ತು. 2022ರ ಜನವರಿ 31ರಿಂದ ಸಂಸತ್ತಿನ ಬಜೆಟ್ ಅಧಿವೇಶನ ಇತ್ತು. ಆಗ ಬೆಳಗಾವಿಯ ಸಂಸದೆಯಾಗಿದ್ದ ಮಂಗಲಾ ಅಂಗಡಿ ಅವರು ಈ ಪ್ರಶ್ನೆ ಎತ್ತಬೇಕಿತ್ತು. ಖಾನಾಪುರ ಲೋಕಸಭೆಗೆ ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರುತ್ತದೆ ಎಂಬುದನ್ನು ಆಗ ಅಲ್ಲಿಯ ಸಂಸದರಾಗಿದ್ದ ಅನಂತಕುಮಾರ ಹೆಗಡೆ ಅವರಿಗೆ ಯಾರಾದರೂ ನೆನಪಿಸಿದ್ದರೆ ಅವರೂ ಎತ್ತಬಹುದಿತ್ತು. ಆಗ ಖಾನಾಪುರದ ಶಾಸಕಿಯಾಗಿದ್ದ ಅಂಜಲಿ ನಿಂಬಾಳ್ಕರ್ ಸ್ವತಃ ವೈದ್ಯೆ. ಜ್ವರದವರನ್ನು ಮನೆಯಲ್ಲಿರಿಸುವುದು ಎಷ್ಟು ಮುಖ್ಯ ಎಂದು ದಿಲ್ಲಿಗೆ ಒಂದು ಪತ್ರ ಬರೆಯಲು ಅವರಿಗಿಂತ ತಕ್ಕವರು ಯಾರಿದ್ದರು?

ಅಲ್ಲಿಯತನಕ, ಹಣ ಕಳೆದುಕೊಂಡವರು ಕಾಗದಗಳನ್ನು ಎಸೆಯಬೇಡಿ. ಪಾಸಿಟಿವ್ ವರದಿ, ಟಿಕೆಟ್, ಏಜೆಂಟರ ರಸೀದಿ, ಕಂಪನಿ ಕಳಿಸಿದ ಮೆಸೇಜ್ ಎಲ್ಲ ತೆಗೆದಿಡಿ. 2020ರ ಜುಲೈಯಿಂದ ಜಾರಿಯಾದ ಹೊಸ ಗ್ರಾಹಕ ಕಾಯ್ದೆಯಂತೆ ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಜಿಲ್ಲಾ ಗ್ರಾಹಕ ಆಯೋಗ ಬೆಳಗಾವಿಯಲ್ಲೇ ಇದೆ. ನಂದಗಡದ ಹುಡುಗಿಯ ಅರ್ಜಿಯನ್ನು ನಾವು ಕೂತು ಬರೆಯುತ್ತಿದ್ದೇವೆ, ಕನ್ನಡದಲ್ಲಿ. ನಿಮ್ಮದೂ ಇದ್ದರೆ ತನ್ನಿ.