ಸಾಕ್ಷಿ ಹೇಳಿದವರ ಬೆನ್ನಿಗೆ ಯಾರಿದ್ದಾರೆ?

2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಕೋರ್ಟಿನಲ್ಲಿ ಹೇಳಿಕೆ ಬದಲಿಸಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದದ್ದು 2014ರಲ್ಲಿ. ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರಲ್ಲಿ. ಮರುತಿಂಗಳೇ ಬಹುತೇಕರಿಗೆ ಹೈಕೋರ್ಟ್ ಜಾಮೀನು ಸಿಕ್ಕಿತು.

ದೌರ್ಜನ್ಯ ತಡೆ ಕಾಯ್ದೆಯ ನಿಯಮದಂತೆ 60 ದಿನದಲ್ಲಿ ತನಿಖೆ ಮುಗಿಯಬೇಕು. ಸಾಕ್ಷಿಗೆ ರಕ್ಷಣೆ, ಕೋರ್ಟಿಗೆ ಹೋಗಿಬರುವ ಖರ್ಚು ಸರ್ಕಾರವೇ ಕೊಡಬೇಕು. ಯಾರ ಹೊಲದಲ್ಲಿ ಕೂಲಿ ಮಾಡಬೇಕೋ ಅವರ ವಿರುದ್ಧವೇ ಸಾಕ್ಷಿ ಹೇಳಿ, ಹತ್ತು ವರ್ಷ ಕೋರ್ಟಿಗೆ ಅಲೆಯುವುದು ಬರೀ ಧೈರ್ಯದಿಂದ ಆಗುವ ಕೆಲಸವಲ್ಲ. ಶಿಕ್ಷೆ ಹೆಚ್ಚಿಸಿ ಎನ್ನುವುದಕ್ಕಿಂತ ವಿಚಾರಣೆ ಬೇಗ ಮುಗಿಸಿ, ಸಾಕ್ಷಿಗಳನ್ನು ಕಾಪಾಡಿ ಎಂದು ನಾವು ಕೇಳಬೇಕು.

ನೆನಪಿರಲಿ: ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? 15100ಕ್ಕೆ ಫೋನ್ ಮಾಡಿ.