ಪಾರ್ಕಿಂಗ್ ಗುತ್ತಿಗೆದಾರರಿಗೆ ದಂಡ ಹಾಕೋ ಅಧಿಕಾರ ಕೊಟ್ಟವರ್ಯಾರು?

ಸಂತೆ ದಿನ ಬಸ್ ಸ್ಟ್ಯಾಂಡ್ ಹತ್ರ ಬೈಕ್ ನಿಲ್ಲಿಸಿದ್ರೆ ಹತ್ತು ರೂಪಾಯಿ ಚೀಟಿ. ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಶುರುವಾಗೋದು ವಾಪಸ್ ಬಂದಾಗ. ಚೀಟಿ ಕಳೆದಿದೆ ಅಂದ್ರೆ ನೂರು, ಗೆರೆ ದಾಟಿ ನಿಲ್ಲಿಸಿದ್ದೀರಿ ಅಂತ ಇನ್ನೂರು, ಕೊಡಲ್ಲ ಅಂದ್ರೆ ಚಕ್ರಕ್ಕೆ ಚೈನು. ಇದು ಯಾವುದೋ ಒಂದೇ ಊರಿನ ಕಥೆ ಅಲ್ಲ.

ಶುಲ್ಕ ಬೇರೆ, ದಂಡ ಬೇರೆ. ಪುರಸಭೆ ಟೆಂಡರ್ ಕರೆದು ಗುತ್ತಿಗೆಗೆ ಕೊಡೋದು ಶುಲ್ಕ ವಸೂಲಿಯನ್ನ, ಅದೂ ಒಪ್ಪಂದದಲ್ಲಿ ಬರೆದಷ್ಟು ಮಾತ್ರ. ದಂಡ ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ನಿನಲ್ಲಿ ಸಾಮಾನ್ಯ ತಪ್ಪಿಗೆ ಇರುವ ದಂಡ, 2019ರ ತಿದ್ದುಪಡಿ ಆದ ಮೇಲೆ, ಮೊದಲ ಸಲ ಗರಿಷ್ಠ 500 ರೂಪಾಯಿ, ಮತ್ತೆ ಮಾಡಿದರೆ 1,500. ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಕೇಸು ಮುಗಿಸುವ ಅಧಿಕಾರ 200ನೇ ಸೆಕ್ಷನ್ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ ಅಧಿಕಾರಿಗಳಿಗೆ ಮಾತ್ರ. ಚೀಟಿ ಹರಿಯೋ ಹುಡುಗ ಆ ಪಟ್ಟಿಯಲ್ಲಿ ಬರಲ್ಲ. ಚೀಟಿ ಕಳೆದರೆ ಹೆಚ್ಚುವರಿ ಹಣ ಅಂತ ಒಪ್ಪಂದದಲ್ಲೇ ಇದ್ದರೆ ಮಾತು ಬೇರೆ. ಆದರೆ ಆ ಕಾಗದ ತೋರಿಸಿ ಅಂದ್ರೆ ಯಾರೂ ತೋರಿಸಲ್ಲ.

ಹುಡುಗನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ, ಅವನದು ದಿನಗೂಲಿ. ಪುರಸಭೆ ನೋಡೋದು ಯಾರು ಜಾಸ್ತಿ ಕೂಗಿದ್ರು ಅನ್ನೋದನ್ನ. ಅಷ್ಟು ಕೂಗಿದವರು ಹತ್ತು ಹತ್ತು ರೂಪಾಯಿಯಲ್ಲೇ ಆ ದುಡ್ಡು ಎತ್ತೋಕಾಗುತ್ತಾ? ಗುತ್ತಿಗೆ ಕೊಟ್ಟ ಮೇಲೆ ಒಂದು ಸಂತೆ ದಿನನಾದ್ರೂ ಅಧಿಕಾರಿಗಳು ಬಂದು ನಿಂತು ನೋಡಬೇಕಿತ್ತು.

ಬೆಂಗಳೂರಿನಲ್ಲಿ ಖಾಸಗಿ ಟೋಯಿಂಗ್ ಗಾಡಿಯವರ ಕಿರುಕುಳದ ದೂರು ಹೆಚ್ಚಾಗಿ, 2022ರ ಫೆಬ್ರುವರಿಯಲ್ಲಿ ಆಗಿನ ಗೃಹ ಸಚಿವ ಆರಗ ಜ್ಞಾನೇಂದ್ರ ಟೋಯಿಂಗನ್ನೇ ನಿಲ್ಲಿಸಬೇಕಾಯ್ತು. ಅಲ್ಲಿ ಗಾಡಿ ಜೊತೆ ಪೊಲೀಸ್ ಅಧಿಕಾರಿಯಾದರೂ ಇರ್ತಿದ್ರು. ತಾಲ್ಲೂಕು ಕೇಂದ್ರಗಳಲ್ಲಿ ಚೈನು ಹಾಕೋರ ಹಿಂದೆ ಅಂಥವರೂ ಇರಲ್ಲ.

ಇದರ ಪೆಟ್ಟು ಅಂಗಡಿಯವರಿಗೂ ಇದೆ. ಮುನ್ನೂರು ರೂಪಾಯಿ ಸಾಮಾನಿಗೆ ಬಂದ ಗಿರಾಕಿ ಇನ್ನೂರು ಕಳ್ಕೊಂಡು ಹೋದ್ರೆ, ಮುಂದಿನ ವಾರ ಪಕ್ಕದ ಊರಿನ ಸಂತೆಗೆ ಹೋಗ್ತಾರೆ. ವರ್ತಕರೇ ಒಟ್ಟಾಗಿ ದರಪಟ್ಟಿಯ ಬೋರ್ಡ್ ಹಾಕಿಸಿ ಅಂತ ಪುರಸಭೆಗೆ ಬರೆದುಕೊಟ್ಟರೆ ಒಂದು ತೂಕ ಇರುತ್ತೆ.

ಸದ್ಯಕ್ಕೆ ದುಡ್ಡು ಕೇಳಿದರೆ ಮೊತ್ತ ಬರೆದ ರಸೀದಿ ಕೇಳಿ. ಗಾಡಿ ಕಟ್ಟಿಹಾಕಿದರೆ ಫೋಟೊ ತೆಗೆದು 112ಕ್ಕೆ ಫೋನ್ ಮಾಡಿ. ಗ್ರಾಹಕರ ಸಹಾಯವಾಣಿ 1915. ಟೆಂಡರ್ ಷರತ್ತಿನ ಪ್ರತಿ ಬೇಕಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಪುರಸಭೆಯಲ್ಲಿ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ 150 ಪದ ಮೀರದಿರಲಿ, ಒಂದೇ ವಿಷಯ ಇರಲಿ. ಇಲ್ಲಾಂದ್ರೆ ಅದೇ ನೆಪದಲ್ಲಿ ವಾಪಸ್ ಬರುತ್ತೆ.