ಹೆಸರಲ್ಲ, ಊರು ಆಧಾರ

ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಪೂರ್ವಜರನ್ನು ಅರಸುವವರು ಸಾಮಾನ್ಯವಾಗಿ ಮನೆತನದ ಹೆಸರನ್ನೇ ನೆಚ್ಚುತ್ತಾರೆ. ಈ ದಾರಿ ಅನ್ಯರ ಅಜ್ಜನನ್ನು ತಮ್ಮವನೆಂದು ಬರೆದುಕೊಳ್ಳುವ ಪ್ರಮಾದಕ್ಕೆ ಎಡೆಮಾಡುತ್ತದೆ. ಎಷ್ಟೋ ಮ್ಯೂಲರರು ಅಲ್ಲಿ ಮಿಲ್ಲರ್ ಆದರು, ಶ್ಮಿಟ್ಟರು ಸ್ಮಿತ್ ಆದರು. ಅಮೆರಿಕದ ಜನಗಣತಿಯು ಬಹುಮಟ್ಟಿಗೆ ಹುಟ್ಟಿದ ದೇಶವನ್ನೋ ರಾಜ್ಯವನ್ನೋ ಹೇಳುತ್ತದೆ, ಊರನ್ನಲ್ಲ. ಹ್ಯಾಂಬರ್ಗ್ ಬಂದರಿನ 1850ರಿಂದ 1934ರವರೆಗಿನ ಪ್ರಯಾಣಿಕರ ಪಟ್ಟಿಗಳು ಬಹುಪಾಲು ಉಳಿದಿವೆ. ಬ್ರೆಮೆನ್ನಿನವು ಬಹುಪಾಲು ನಾಶವಾಗಿವೆ. ಆಗ ನೆರವಿಗೆ ಬರುವುದು ವಲಸಿಗರು ಅಮೆರಿಕದಲ್ಲಿ ಕಟ್ಟಿಕೊಂಡ ಜರ್ಮನ್ ಚರ್ಚುಗಳ ಮದುವೆ, ಮರಣಗಳ ದಾಖಲೆ. ಅಲ್ಲಿ ಹುಟ್ಟೂರು ದೊರೆತರೆ ಆ ಊರಿನ ಚರ್ಚಿನ ದೀಕ್ಷಾಸ್ನಾನದ ಪುಸ್ತಕವನ್ನು ಪರಿಶೀಲಿಸಬಹುದು. ಅಲ್ಲಿಯವರೆಗೆ ವಂಶವೃಕ್ಷದ ಆ ಕೊಂಬೆ ಕೇವಲ ಊಹೆ. ಅದನ್ನು ಊಹೆಯೆಂದೇ ಗುರುತಿಸಿಡುವುದು ಸಂಶೋಧಕನ ಕರ್ತವ್ಯ.